‘ಅಕ್ಯುರೇಟ್’ ಅಂದರೆ ಕನ್ನಡದಲ್ಲಿ ಏನು? ನಿಖರ, ಖಚಿತ, ಕರಾರುವಾಕ್ಕು... ಯಾವುದನ್ನು ಎಲ್ಲಿ ಹಾಕೋದು?

ಅನುವಾದದ_ಆಳು
ಎಲ್ಲರಿಗೂ ನಮಸ್ಕಾರ. ಒಂದು ಪೇಚಿಗೆ ಸಿಕ್ಕಿಕೊಂಡಿದ್ದೇನೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಜೊತೆ ಕೊಡುವ ಪುಟ್ಟ ಕೈಪಿಡಿಯನ್ನು ಕನ್ನಡಕ್ಕೆ ಮಾಡಿಕೊಡುವ ಕೆಲಸ ಬಂತು. ಎಂಟೇ ಪುಟ. ಒಂದು ಸಂಜೆಯಲ್ಲಿ ಮುಗಿಯುತ್ತೆ ಅಂದುಕೊಂಡೆ. ಮೂರನೇ ಪುಟದಲ್ಲೇ ಕಾಲು ಜಾರಿತು.

ಅಲ್ಲೊಂದು ಸಾಲು. ಈ ತಕ್ಕಡಿ ‘ಅಕ್ಯುರೇಟ್’ ಕೂಡ ಹೌದಂತೆ, ‘ಪ್ರಿಸೈಸ್’ ಕೂಡ ಹೌದಂತೆ. ನಾನು ಎರಡಕ್ಕೂ ‘ನಿಖರ’ ಅಂತ ಹಾಕಿದೆ. ತಿದ್ದುವವರು ಕೆಂಪು ಅಕ್ಷರದಲ್ಲಿ ‘ಒಂದೇ ಪದ ಎರಡು ಸಲ ಯಾಕ್ರೀ?’ ಅಂತ ಬರೆದು ವಾಪಸ್ ಕಳಿಸಿದರು. ಒಂದನ್ನು ‘ಖಚಿತ’ ಮಾಡಿ ಕಳಿಸಿದೆ. ‘ತಕ್ಕಡಿ ಖಚಿತ ಅಂದರೆ ಏನು, ಬರೋದು ಖಚಿತವಾ?’ ಅಂತ ಕೇಳಿದರು. ಅವರು ಕೇಳಿದ್ದರಲ್ಲೂ ತಪ್ಪಿಲ್ಲ.

ನನ್ನ ಹತ್ತಿರ ಇರುವ ನಿಘಂಟು ತೆಗೆದರೆ ಎರಡು ಪದಕ್ಕೂ ಅದೇ ನಾಲ್ಕು ಅರ್ಥವನ್ನು ಹಿಂದುಮುಂದು ಮಾಡಿ ಕೊಟ್ಟಿದ್ದಾರೆ. ದಿನಾ ಹತ್ತು ಸಲ ಬಾಯಲ್ಲಿ ಬರುವ ಪದ, ಅರ್ಥ ಹೇಳು ಅಂದರೆ ನಾಲಿಗೆ ತಡವರಿಸುತ್ತೆ. ತಿಳಿದವರು ಹೇಳಿ: ಇಂಗ್ಲಿಷ್‌ನಲ್ಲಿ ನಿಜಕ್ಕೂ ಎರಡೂ ಬೇರೆಯಾ? ಬೇರೆಯಾದರೆ ಕನ್ನಡದಲ್ಲಿ ಏನು ಮಾಡೋಣ?

ಬೆಣ್ಣೆದೋಸೆ_ಪ್ರಿಯ
ಎರಡೂ ಒಂದೇ ಗುರು. ಸುಮ್ನೆ ಒಂದನ್ನು ತೆಗೆದುಬಿಡು. ತಕ್ಕಡಿ ಕೊಳ್ಳುವವರು ಕೈಪಿಡಿ ಓದುತ್ತಾರಾ?

ಹಳೇ_ಲ್ಯಾಬ್_ಕೋಟು
ದೋಸೆಯವರೇ, ಒಂದೇ ಅಲ್ಲ. ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟು ಕೂದಲು ಬೆಳ್ಳಗಾದವನು ನಾನು, ಇದನ್ನು ಬಿಡೋಕಾಗಲ್ಲ.

ಮನೆಯಲ್ಲೇ ಮಾಡಿ ನೋಡಿ. 2012ರಿಂದ 2018ರವರೆಗಿನ ಇಸವಿ ಇರುವ ಐದು ರೂಪಾಯಿ ನಾಣ್ಯದ ತೂಕ 6 ಗ್ರಾಂ. ಹತ್ತು ನಾಣ್ಯ ಒಟ್ಟು ಮಾಡಿ, ಸವೆದಿರದ ಹೊಳೆಯುವ ನಾಣ್ಯ ಆರಿಸಿಕೊಳ್ಳಿ. 60 ಗ್ರಾಂ ಬರಬೇಕು. ತಕ್ಕಡಿ ಮೇಲೆ ಇಡಿ, ಓದಿ, ತೆಗೆಯಿರಿ. ಹೀಗೆ ಐದು ಸಲ ಮಾಡಿ.

ಐದೂ ಸಲ 64 ಬಂತು ಅಂದುಕೊಳ್ಳಿ. ತಕ್ಕಡಿ ಹೇಳಿದ್ದನ್ನೇ ಹೇಳುತ್ತಿದೆ, ಮಾತು ಬದಲಿಸುತ್ತಿಲ್ಲ. ಅದು ಪ್ರಿಸೈಸ್. ಆದರೆ ಹೇಳುತ್ತಿರೋದು ಸುಳ್ಳು. ಹಾಗಾಗಿ ಅಕ್ಯುರೇಟ್ ಅಲ್ಲ. ಇನ್ನೊಂದು ತಕ್ಕಡಿಯಲ್ಲಿ 58, 61, 60, 62, 59 ಬಂತು ಅನ್ನಿ. ಒಂದೊಂದು ಸಲ ಒಂದೊಂದು ಮಾತು, ಸರಾಸರಿ ತೆಗೆದರೆ ಸರಿಯಾಗಿ 60. ಸತ್ಯದ ಸುತ್ತಲೇ ಸುತ್ತುತ್ತಿದೆ, ಆದರೆ ಹಿಡಿತ ಇಲ್ಲ. ನಾನು ಮಕ್ಕಳಿಗೆ ಹೇಳುತ್ತಿದ್ದದ್ದು ಇಷ್ಟೇ: ನಿಜಕ್ಕೆ ಎಷ್ಟು ಹತ್ತಿರ ಅನ್ನೋದು ಅಕ್ಯುರಸಿ. ಒಂದಕ್ಕೊಂದು ಎಷ್ಟು ಹತ್ತಿರ ಅನ್ನೋದು ಪ್ರಿಸಿಷನ್. ಮೊದಲನೆಯದಕ್ಕೆ ‘ನಿಖರತೆ’, ಎರಡನೆಯದಕ್ಕೆ ‘ನಿಷ್ಕೃಷ್ಟತೆ’ ಅಂತ ಬೋರ್ಡ್ ಮೇಲೆ ಬರೆಯುತ್ತಿದ್ದೆ.

ಕುಡ್ಲದ_ಬಂಗುಡೆ
‘ನಿಷ್ಕೃಷ್ಟತೆ’ ಅಂತ ತಕ್ಕಡಿ ಕೈಪಿಡಿಯಲ್ಲಿ ಹಾಕಿದರೆ ನನ್ನ ಅಮ್ಮ ಅದನ್ನು ‘ನಿಕೃಷ್ಟ’ ಅಂತ ಓದಿ ತಕ್ಕಡಿ ವಾಪಸ್ ಕೊಡುತ್ತಾರೆ ಸರ್.

ಹಳೇ_ಲ್ಯಾಬ್_ಕೋಟು
ನಗು ಬಂತು. ಆದರೆ ನಿಜ. ಪರೀಕ್ಷೆಯಲ್ಲೂ ಹಾಗೆ ಬರೆದವರಿದ್ದಾರೆ.

ಮಲೆನಾಡ_ಜಿಗಣೆ
ನಮ್ಮನೆ ಗೋಡೆ ಗಡಿಯಾರ ಯಾವಾಗಲೂ ಹತ್ತು ನಿಮಿಷ ಮುಂದೆ. ಅಪ್ಪ ಬಸ್ಸು ತಪ್ಪದಿರಲಿ ಅಂತ ಬೇಕಂತಲೇ ಇಟ್ಟದ್ದು. ಇಪ್ಪತ್ತು ವರ್ಷದಿಂದ ಹತ್ತೇ ನಿಮಿಷ, ಹನ್ನೊಂದು ಆಗಿಲ್ಲ. ಹಾಗಾದರೆ ಅದು ಪ್ರಿಸೈಸ್, ಅಕ್ಯುರೇಟ್ ಅಲ್ಲ. ಅಲ್ವಾ ಮೇಷ್ಟ್ರೇ?

ಹಳೇ_ಲ್ಯಾಬ್_ಕೋಟು
ನೂರಕ್ಕೆ ನೂರು. ನಿಮ್ಮಪ್ಪನಿಗೂ ಸೇರಿಸಿ ಅಂಕ.

ಬೆಣ್ಣೆದೋಸೆ_ಪ್ರಿಯ
ಹತ್ತು ನಿಮಿಷ ಮುಂದೆ ಇದೆ ಅಂತ ಮನೆಯವರಿಗೆಲ್ಲ ಗೊತ್ತಿದ್ದರೆ ಇನ್ನು ಉಪಯೋಗ ಏನು? ಎಲ್ಲರೂ ಮನಸ್ಸಲ್ಲೇ ಹತ್ತು ಕಳೆದು ಆರಾಮಾಗಿ ಕೂತಿರುತ್ತಾರೆ.

ಮಲೆನಾಡ_ಜಿಗಣೆ
ಅದಕ್ಕೇ ಬಸ್ಸು ತಪ್ಪುತ್ತಲೇ ಇರುತ್ತೆ.

ಪದಗಳ_ಹುಚ್ಚಿ
ಮೇಷ್ಟ್ರು ಹೇಳಿದ್ದು ವಿಜ್ಞಾನದ ಅರ್ಥ. ಪದದ ಹುಟ್ಟು ನೋಡಿದರೆ ಇನ್ನೂ ಚೆನ್ನಾಗಿದೆ. ‘ಅಕ್ಯುರೇಟ್’ ಬಂದಿರುವುದು ಲ್ಯಾಟಿನ್‌ನ ‘ಅಕ್ಯುರಾಟುಸ್’ನಿಂದ. ಅದರೊಳಗೆ ಇರುವುದು ‘ಕೂರಾ’, ಅಂದರೆ ಕಾಳಜಿ, ನಿಗಾ. ಅಂದರೆ ಮೊದಲಿಗೆ ಅದರ ಅರ್ಥ ‘ಅಕ್ಕರೆಯಿಂದ, ಗಮನ ಇಟ್ಟು ಮಾಡಿದ್ದು’ ಅಂತ. ಗಮನ ಇಟ್ಟು ಮಾಡಿದ್ದರಲ್ಲಿ ತಪ್ಪು ಕಡಿಮೆ ಇರುತ್ತೆ, ಹಾಗಾಗಿ ‘ತಪ್ಪಿಲ್ಲದ್ದು’ ಅನ್ನೋ ಅರ್ಥ ಆಮೇಲೆ ಅಂಟಿಕೊಂಡಿತು.

‘ಪ್ರಿಸೈಸ್’ ಹುಟ್ಟಿದ್ದು ಕತ್ತರಿಸುವ ಕ್ರಿಯೆಯಿಂದ. ತುದಿ ಕತ್ತರಿಸಿ, ಬೇಡದ್ದು ತೆಗೆದು, ಚುಟುಕಾಗಿ ಹೇಳಿದ್ದು ಅಂತ. ನಾವು ‘ಕಡ್ಡಿ ಮುರಿದ ಹಾಗೆ ಹೇಳಿದ’ ಅನ್ನುತ್ತೇವಲ್ಲ, ಹೆಚ್ಚೂ ಕಡಿಮೆ ಅದೇ ಚಿತ್ರ.

ಧಾರವಾಡ_ಫೇಡಾ
ಕಡ್ಡಿ ಮುರಿದ ಹಾಗೆ ಅಂದರೆ ಮುಲಾಜಿಲ್ಲದೆ ಹೇಳಿದ ಅಂತ ಅಕ್ಕಾ. ಅಳತೆಗೂ ಅದಕ್ಕೂ ಎಲ್ಲಿಯ ನಂಟು?

ಪದಗಳ_ಹುಚ್ಚಿ
ಅಳತೆಗೆ ಹಾಕಿ ಅಂತ ಹೇಳಲಿಲ್ಲ ಅಣ್ಣಾ, ಕತ್ತರಿಸುವ ಚಿತ್ರ ಎರಡೂ ಕಡೆ ಇದೆ ಅಂದೆ ಅಷ್ಟೇ.

ಧಾರವಾಡ_ಫೇಡಾ
ಆಯಿತು, ಒಪ್ಪಿದೆ. ನಮ್ಮ ಕಡೆ ಇಷ್ಟೆಲ್ಲ ತಲೆಬಿಸಿ ಇಲ್ಲ. ‘ಬರೋಬ್ಬರಿ ಐತಿ’ ಅಂದರೆ ಮುಗಿಯಿತು. ತೂಕ ಬರೋಬ್ಬರಿ, ಲೆಕ್ಕ ಬರೋಬ್ಬರಿ, ನೀನು ಹೇಳಿದ್ದೂ ಬರೋಬ್ಬರಿ.

ಕುಡ್ಲದ_ಬಂಗುಡೆ
ನಮ್ಮಲ್ಲಿ ‘ಸಮ ಉಂಟು’. ಇದರಲ್ಲಿ ಕೂಡ ಎಲ್ಲವೂ ಹಿಡಿಸುತ್ತದೆ. ಮೀನಿನ ತೂಕ, ಸೊಸೆಯ ಸ್ವಭಾವ, ಎಲ್ಲ.

ಸಬ್_ಎಡಿಟರ್_ನಿವೃತ್ತ
ಬರೋಬ್ಬರಿಯ ಮಾತು ಬಂದದ್ದು ಒಳ್ಳೇದಾಯಿತು. ಈ ಪದವನ್ನು ಈಗ ಟಿವಿಯವರು ಕೆಡಿಸಿಟ್ಟಿದ್ದಾರೆ. ‘ಬರೋಬ್ಬರಿ 200 ಕೋಟಿ’ ಅನ್ನುತ್ತಾರೆ. ಬರೋಬ್ಬರಿ ಅಂದರೆ ಸರಿಯಾಗಿ ಅಷ್ಟೇ, ಒಂದು ಪೈಸೆ ಹೆಚ್ಚಿಲ್ಲ ಕಡಿಮೆ ಇಲ್ಲ. ಇವರು ಹೇಳುತ್ತಿರೋದು ‘ಅಬ್ಬಬ್ಬಾ ಅಷ್ಟೊಂದು’ ಅಂತ. ಅದೂ ಹೇಗೆ, ‘ಬರೋಬ್ಬರಿ ಸುಮಾರು 200 ಕೋಟಿ’. ಈ ಸಾಲನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಎರಡು ಪದ ಒಂದನ್ನೊಂದು ತಿಂದುಹಾಕಿದವು.

ಧಾರವಾಡ_ಫೇಡಾ
ಬರೋಬ್ಬರಿ ಹೇಳಿದಿರಿ.

ಡೇಟಾ_ಮಂಜ
ನಾನು ಬೆಂಗಳೂರಲ್ಲಿ ದಿನಾ ಇದೇ ಪದದ ಜೊತೆ ಬದುಕುವವನು. ನಮ್ಮ ಕೆಲಸದಲ್ಲಿ ‘ಅಕ್ಯುರಸಿ ಎಷ್ಟು?’ ಅನ್ನೋದು ಮೊದಲ ಪ್ರಶ್ನೆ. ಮೋಸ ಹೋಗೋದೂ ಅಲ್ಲೇ.

ಒಂದು ಕಾಯಿಲೆ ಸಾವಿರಕ್ಕೆ ಒಬ್ಬರಿಗೆ ಬರುತ್ತೆ ಅನ್ನಿ. ಹತ್ತು ಸಾವಿರ ಜನರಿಗೆ ಪರೀಕ್ಷೆ ಮಾಡಿದರೆ ಹತ್ತು ಜನರಿಗೆ ನಿಜವಾಗಿ ಇರುತ್ತೆ. ಈಗ ನಾನು ಒಂದು ಯಂತ್ರ ಮಾಡುತ್ತೇನೆ. ಯಾರು ಬಂದರೂ ‘ನಿಮಗೆ ಏನೂ ಇಲ್ಲ, ಹೋಗಿ’ ಅನ್ನುತ್ತೆ, ಅಷ್ಟೇ. 9,990 ಜನರ ವಿಷಯದಲ್ಲಿ ಅದು ಹೇಳಿದ್ದು ಸರಿ. ಅಂದರೆ 99.9% ಅಕ್ಯುರೇಟ್! ಒಬ್ಬ ರೋಗಿಯನ್ನೂ ಹಿಡಿಯಲಿಲ್ಲ.

ಬೆಣ್ಣೆದೋಸೆ_ಪ್ರಿಯ
ಈ ಯಂತ್ರ ನಮ್ಮ ಆಫೀಸಿನ ರಜೆ ವಿಭಾಗದಲ್ಲಿ ಆಗಲೇ ಇದೆ. ಯಾರು ಕೇಳಿದರೂ ‘ಇಲ್ಲ’.

ರಕ್ತಪರೀಕ್ಷೆ_ರತ್ನ
ಮಂಜ ಅವರು ಹೇಳಿದ್ದರ ಇನ್ನೊಂದು ಮಗ್ಗುಲು ನಾನು ಹೇಳುತ್ತೇನೆ. ನಾನು ಲ್ಯಾಬ್‌ನಲ್ಲಿ ಇರುವವಳು. ‘ಈ ಟೆಸ್ಟ್ 99% ಅಕ್ಯುರೇಟ್ ಅಲ್ವಾ ಸಿಸ್ಟರ್, ಪಾಸಿಟಿವ್ ಬಂದಿದೆ ಅಂದರೆ ನನಗೆ 99% ಕಾಯಿಲೆ ಇದೆ ತಾನೇ?’ ಅಂತ ಜನ ಅಳುತ್ತಾ ಕೇಳುತ್ತಾರೆ. ಅದೇ ಹತ್ತು ಸಾವಿರದ ಲೆಕ್ಕ ತಗೊಳ್ಳಿ. ಟೆಸ್ಟ್ ಕಾಯಿಲೆ ಇದ್ದವರಲ್ಲೂ 99% ಸರಿ, ಇಲ್ಲದವರಲ್ಲೂ 99% ಸರಿ ಅನ್ನಿ. ಇರುವ ಹತ್ತು ಜನ ಸಿಕ್ಕಿಬೀಳುತ್ತಾರೆ. ಆದರೆ ಇಲ್ಲದ 9,990 ಜನರಲ್ಲಿ ನೂರಕ್ಕೆ ಒಬ್ಬರಂತೆ ಸುಮಾರು 100 ಜನರಿಗೂ ಪಾಸಿಟಿವ್ ಬರುತ್ತೆ. ಒಟ್ಟು 110 ಪಾಸಿಟಿವ್‌ನಲ್ಲಿ ನಿಜವಾದವರು ಹತ್ತೇ ಜನ. ಹಾಗಾಗಿ ಡಾಕ್ಟರು ಇನ್ನೊಂದು ಟೆಸ್ಟ್ ಬರೆದುಕೊಡೋದು ಬರೀ ದುಡ್ಡಿಗೆ ಅಂತ ಬೈಬೇಡಿ.

ನಾವು ‘ಅಕ್ಯುರೇಟ್’ ಅಂತ ಒಂದೇ ಪದ ಬಳಸೋದಿಲ್ಲ. ಇದ್ದವರನ್ನು ಹಿಡಿಯೋದು ಸೆನ್ಸಿಟಿವಿಟಿ, ಇಲ್ಲದವರನ್ನು ಬಿಡೋದು ಸ್ಪೆಸಿಫಿಸಿಟಿ. ಎರಡನ್ನೂ ಬೇರೆ ಬೇರೆ ಕೇಳಬೇಕು.

ಅನುವಾದದ_ಆಳು
ತಲೆ ತಿರುಗುತ್ತಿದೆ. ನನ್ನದು ಮೈದಾ ತೂಗುವ ತಕ್ಕಡಿ ಕಣ್ರೀ.

ಮಾಪನ_ಮನೆ
ತಡವಾಗಿ ಬಂದೆ, ಕ್ಷಮಿಸಿ. ತೂಕ ಅಳತೆಯ ಯಂತ್ರ ಸರಿಮಾಡುವುದೇ ನನ್ನ ಕಸುಬು. ಲ್ಯಾಬ್ ಕೋಟು ಸರ್ ಹೇಳಿದ್ದಕ್ಕೆ ಒಂದು ಸಣ್ಣ ತಿದ್ದುಪಡಿ.

ಶಾಲೆಯಲ್ಲಿ ಹೇಳಿಕೊಡೋದು ಸರಿಯೇ. ಆದರೆ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 5725 (1994ರದ್ದು) ಈ ಪದವನ್ನು ಬೇರೆ ರೀತಿ ಹಂಚಿದೆ. ಸರಾಸರಿ ನಿಜಕ್ಕೆ ಎಷ್ಟು ಹತ್ತಿರ ಅನ್ನೋದಕ್ಕೆ ಅವರು ಕೊಟ್ಟ ಹೆಸರು ‘ಟ್ರೂನೆಸ್’. ಒಂದಕ್ಕೊಂದು ಹತ್ತಿರ ಇರೋದು ‘ಪ್ರಿಸಿಷನ್’. ಇವೆರಡೂ ಸೇರಿದರೆ ಮಾತ್ರ ‘ಅಕ್ಯುರಸಿ’. ಅಂದರೆ ಸರ್ ಹೇಳಿದ ಎರಡನೇ ತಕ್ಕಡಿ, 58, 61 ಅಂತ ಓಲಾಡುತ್ತಲ್ಲ, ಅದಕ್ಕೆ ಟ್ರೂನೆಸ್ ಇದೆ. ಅಕ್ಯುರೇಟ್ ಅನ್ನೋ ಹಾಗಿಲ್ಲ.

ಇನ್ನು ಮೂರನೆಯದು ಒಂದಿದೆ, ಜನ ಮೋಸ ಹೋಗೋದು ಅದರಲ್ಲೇ. ರೆಸಲ್ಯೂಷನ್. ಪರದೆಯ ಮೇಲೆ 0.1 ಗ್ರಾಂವರೆಗೆ ಅಂಕಿ ಕಾಣುತ್ತೆ ಅಂದ ಮಾತ್ರಕ್ಕೆ ತಕ್ಕಡಿ 0.1 ಗ್ರಾಂವರೆಗೆ ಸರಿ ಅಂತ ಅಲ್ಲ. 2 ಗ್ರಾಂ ತಪ್ಪು ತೋರಿಸುತ್ತಲೇ ಪಾಯಿಂಟ್ ಆದಮೇಲೆ ಅಂಕಿ ಕುಣಿಸಬಹುದು. ಅಂಗಡಿಯಲ್ಲಿ ವ್ಯಾಪಾರಕ್ಕೆ ಬಳಸುವ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಪರೀಕ್ಷೆ, ಮುದ್ರೆ ಇರೋದು ಅದಕ್ಕೇ. ಆಳು ಅವರೇ, ನಿಮ್ಮ ಕೈಪಿಡಿಯಲ್ಲಿ ‘ಪ್ರಿಸೈಸ್’ ಪಕ್ಕ ಅಂಕಿ ಏನಿದೆ ನೋಡಿ ಹೇಳಿ.

ಅನುವಾದದ_ಆಳು
ಈಗ ನೋಡಿದೆ. ಅಕ್ಯುರಸಿ ಪಕ್ಕ ‘ಪ್ಲಸ್ ಆರ್ ಮೈನಸ್ 2 ಗ್ರಾಂ’ ಅಂತಿದೆ. ಪ್ರಿಸಿಷನ್ ಪಕ್ಕ 1 ಗ್ರಾಂ.

ಮಾಪನ_ಮನೆ
ಹಾಗಾದರೆ ಅವರು ‘ಪ್ರಿಸಿಷನ್’ ಅಂತ ಬರೆದಿರೋದೇ ತಪ್ಪು ಪದ. ಅದು ರೆಸಲ್ಯೂಷನ್. ಅಂಕಿ 1 ಗ್ರಾಂನಂತೆ ಏರುತ್ತೆ ಅಂತ ಅರ್ಥ. ಮೂಲದಲ್ಲೇ ಎಡವಿದ್ದಾರೆ, ನಿಮ್ಮದೇನೂ ತಪ್ಪಿಲ್ಲ.

ಹಳೇ_ಲ್ಯಾಬ್_ಕೋಟು
ತಿದ್ದುಪಡಿಗೆ ಥ್ಯಾಂಕ್ಸ್. ಮಾನದಂಡ ಏನೇ ಹೇಳಲಿ, ಹದಿನಾರು ವರ್ಷದ ಹುಡುಗರಿಗೆ ಮೂರು ಪದ ಒಟ್ಟಿಗೆ ಕೊಟ್ಟರೆ ಮೂರೂ ಉಳಿಯಲ್ಲ. ನಾನು ಎರಡರಲ್ಲೇ ಇರುತ್ತೇನೆ.

ಗುಮ್ಮಟದ_ಗಿಳಿ
ಮಾತಿನಲ್ಲೂ ಈ ವ್ಯತ್ಯಾಸ ಇದೆ. ‘ಕರ್ನಾಟಕದಲ್ಲಿ ಮೂವತ್ತರ ಆಸುಪಾಸು ಜಿಲ್ಲೆ ಇವೆ’. ಅಕ್ಯುರೇಟ್, ಪ್ರಿಸೈಸ್ ಅಲ್ಲ. ‘34 ಜಿಲ್ಲೆ ಇವೆ’. ಪ್ರಿಸೈಸ್, ಅಕ್ಯುರೇಟ್ ಅಲ್ಲ. ‘30 ಇವೆ’. ಎರಡೂ.

ಕುಡ್ಲದ_ಬಂಗುಡೆ
31. ವಿಜಯನಗರ ಜಿಲ್ಲೆ 2021ರಲ್ಲೇ ಆಯಿತು.

ಗುಮ್ಮಟದ_ಗಿಳಿ
ಛೇ. ಉದಾಹರಣೆ ಕೊಡುವಾಗಲೇ ಜಾರಿದೆನಲ್ಲಾ. ಇರಲಿ, ನನ್ನ ಮೊದಲ ಸಾಲು ಇನ್ನೂ ಅಕ್ಯುರೇಟೇ ಇದೆ!

ಸಬ್_ಎಡಿಟರ್_ನಿವೃತ್ತ
ಇದಕ್ಕೆ ಎವರೆಸ್ಟ್ ಕತೆ ಚೆನ್ನಾಗಿ ಹೊಂದುತ್ತೆ. 1856ರಲ್ಲಿ ಸರ್ವೆಯವರು ಪ್ರಕಟಿಸಿದ ಎತ್ತರ 29,002 ಅಡಿ. ಲೆಕ್ಕ ಹಾಕಿದಾಗ ಬಂದದ್ದು ಸರಿಯಾಗಿ 29,000 ಅಂತೆ. ಹಾಗೇ ಹೇಳಿದರೆ ಜನ ‘ಇವರು ಅಂದಾಜಿಗೆ ದುಂಡು ಮಾಡಿದ್ದಾರೆ’ ಅಂದುಕೊಳ್ಳುತ್ತಾರೆ ಅಂತ ಎರಡು ಅಡಿ ಸೇರಿಸಿದರು ಅಂತ ಹೇಳುತ್ತಾರೆ. ಕತೆ ಎಷ್ಟು ನಿಜವೋ, ಮನುಷ್ಯರ ಬುದ್ಧಿ ಮಾತ್ರ ಹಾಗೇ. ದುಂಡನೆಯ ಸಂಖ್ಯೆ ಕಂಡರೆ ಅನುಮಾನ, ಬಾಲ ಇದ್ದರೆ ನಂಬಿಕೆ. ತರಕಾರಿಯವನು ‘ನೂರು ರೂಪಾಯಿ’ ಅಂದರೆ ಚೌಕಾಸಿ ಮಾಡುತ್ತೇವೆ, ‘ತೊಂಬತ್ತೇಳು’ ಅಂದರೆ ಸುಮ್ಮನೆ ಕೊಡುತ್ತೇವೆ.

ಡೇಟಾ_ಮಂಜ
2020ರಲ್ಲಿ ನೇಪಾಳ, ಚೀನಾ ಸೇರಿ ಹೇಳಿದ್ದು 8,848.86 ಮೀಟರ್. ಅಡಿಗೆ ತಂದರೆ 29,032ರ ಹತ್ತಿರ. ಅಂದರೆ ಆ ಕಾಲದಲ್ಲಿ, ನೂರೈವತ್ತು ಕಿಲೋಮೀಟರ್‌ಗೂ ಹೆಚ್ಚು ದೂರದ ಬಯಲಲ್ಲಿ ನಿಂತು ಅಳೆದವರು ತಪ್ಪಿದ್ದು ಬರೀ 30 ಅಡಿ! ಆ ಎರಡು ಅಡಿ ಹಾಕಿದರೂ ಒಂದೇ, ಬಿಟ್ಟರೂ ಒಂದೇ.

ಬೆಣ್ಣೆದೋಸೆ_ಪ್ರಿಯ
ಕ್ರಿಕೆಟ್ ಬಾರದೆ ಯಾವ ಚರ್ಚೆಯೂ ಮುಗಿಯಬಾರದು. ಕುಂಬ್ಳೆ ಅಕ್ಯುರೇಟಾ, ಪ್ರಿಸೈಸಾ?

ಮಲೆನಾಡ_ಜಿಗಣೆ
ಎರಡೂ. 1999ರಲ್ಲಿ ಕೋಟ್ಲಾದಲ್ಲಿ ಪಾಕಿಸ್ತಾನದ ಹತ್ತಕ್ಕೆ ಹತ್ತು, 74 ರನ್‌ಗೆ. ಇನ್ನೇನು ಬೇಕು?

ಗುಮ್ಮಟದ_ಗಿಳಿ
ಕುಂಬ್ಳೆ ಚೆಂಡು ಜಾಸ್ತಿ ತಿರುಗುತ್ತಿರಲಿಲ್ಲ, ಬೀಳುವ ಜಾಗ ಮಾತ್ರ ತಪ್ಪುತ್ತಿರಲಿಲ್ಲ. ಚಂದ್ರಶೇಖರ್ ಇನ್ನೊಂದು ಥರ. ಒಂದು ಚೆಂಡು ಎಲ್ಲೋ, ಮುಂದಿನದು ಆಡಲಾಗದ ಹಾಗೆ. ಅಂದರೆ ಪ್ರಿಸೈಸ್ ಅಲ್ಲದೆಯೂ ಪಂದ್ಯ ಗೆಲ್ಲಿಸಬಹುದು.

ಬೆಣ್ಣೆದೋಸೆ_ಪ್ರಿಯ
ಚಂದ್ರ ಅವರನ್ನು ಓಲಾಡುವ ತಕ್ಕಡಿಗೆ ಹೋಲಿಸಬೇಡಿ ಸ್ವಾಮಿ, ನಮ್ಮ ತಾತ ಎದ್ದು ಬರುತ್ತಾರೆ.

ಪದಗಳ_ಹುಚ್ಚಿ
ಬಳಕೆಯ ಕಡೆ ಬನ್ನಿ. ನಾವು ಕನ್ನಡದಲ್ಲಿ ‘ಅಕ್ಯುರೇಟಾಗಿ ಐದು ಗಂಟೆಗೆ ಬಾ’ ಅನ್ನುತ್ತೇವೆ. ಇಂಗ್ಲಿಷ್‌ನಲ್ಲಿ ಹಾಗೆ ಹೇಳಲ್ಲ, ಅಲ್ಲಿ ‘ಎಕ್ಸಾಕ್ಟ್ಲಿ’ ಬರಬೇಕು. ‘ಎಕ್ಸಾಕ್ಟ್’ಗೆ ಇದೆ, ಇಲ್ಲ ಎರಡೇ. ‘ಅಕ್ಯುರೇಟ್’ಗೆ ಮೆಟ್ಟಿಲಿದೆ: ತಕ್ಕಮಟ್ಟಿಗೆ, ತುಂಬಾ, ಅದಕ್ಕಿಂತ ಇದು ಜಾಸ್ತಿ.

ಇನ್ನು ‘ಕರೆಕ್ಟ್’ ಪೂರ್ತಿ ನಮ್ಮದೇ ಆಗಿಹೋಗಿದೆ. ‘ಅವರು ತುಂಬಾ ಕರೆಕ್ಟ್ ಮನುಷ್ಯ’ ಅಂದರೆ ಇಂಗ್ಲಿಷ್‌ನವರಿಗೆ ಶಿಷ್ಟಾಚಾರದ ಮನುಷ್ಯ ಅನ್ನಿಸಬಹುದು. ನಮಗೆ? ಸಾಲ ತಗೊಂಡರೆ ಹೇಳಿದ ದಿನಕ್ಕೆ ವಾಪಸ್ ಕೊಡುವವರು.

ಮಲೆನಾಡ_ಜಿಗಣೆ
ಮತ್ತೆ ಒಂದು ರೂಪಾಯಿ ಚಿಲ್ಲರೆಗೂ ಬಿಡದವರು. ಅದಕ್ಕೂ ‘ಭಾಳ ಕರೆಕ್ಟು’ ಅನ್ನುತ್ತೇವೆ, ಸ್ವಲ್ಪ ಮೂಗು ಮುರಿದು.

ಲಂಡನ್_ಲಿಂಗಪ್ಪ
ಉಚ್ಚಾರಣೆ ಬಗ್ಗೆ ಯಾರೂ ಹೇಳಲಿಲ್ಲ. ನಾವು ‘ಅಕ್ಯುರೇಟ್’ ಅಂತ ಕೊನೆಗೆ ‘ರೇಟ್’ ಎಳೆಯುತ್ತೇವೆ. ಇಲ್ಲಿ ಒತ್ತು ಮೊದಲಿಗೆ, ಕೊನೆ ಗಿಡ್ಡ: ‘ಆ್ಯಕ್ಯುರಟ್’. ನಾನು ಬಂದ ಹೊಸದರಲ್ಲಿ ಮೀಟಿಂಗ್‌ನಲ್ಲಿ ಮೂರು ಸಲ ಹೇಳಿದರೂ ಪಕ್ಕದವಳಿಗೆ ಅರ್ಥ ಆಗಲಿಲ್ಲ. ಯಾವುದೋ ಬಡ್ಡಿ ರೇಟ್ ಬಗ್ಗೆ ಕೇಳುತ್ತಿದ್ದೇನೆ ಅಂದುಕೊಂಡಿದ್ದಳು. ಪ್ರೈವೇಟ್, ಕ್ಲೈಮೇಟ್, ಚಾಕೊಲೇಟ್ ಎಲ್ಲದರ ಕತೆ ಇದೇ. ಬರೆಯುವಾಗ ಸಿ ಎರಡು, ಆರ್ ಒಂದೇ. ಅದನ್ನೂ ಉಲ್ಟಾ ಮಾಡುತ್ತೇವೆ.

ಧಾರವಾಡ_ಫೇಡಾ
ಚಾಕೊಲೇಟ್ ಅನ್ನೋದನ್ನ ಬಿಡಲ್ಲ. ಬೇಕಾದರೆ ಲಂಡನ್ ಬಿಡ್ತೇನಿ.

ಕಲಬುರಗಿ_ಕಟ್ಟೆ
‘ಕರಾರುವಾಕ್ಕು’ ಯಾಕೆ ಯಾರೂ ಮುಟ್ಟಲಿಲ್ಲ? ಇರೋದರಲ್ಲಿ ಗತ್ತಿನ ಪದ ಅದೇ. ರಾಕೆಟ್ ಹಾರಿದ ಮರುದಿನ ಪೇಪರಿನಲ್ಲಿ ‘ಕರಾರುವಾಕ್ಕಾಗಿ ಕಕ್ಷೆಗೆ’ ಅಂತ ಓದಿದರೆ ಮೈ ಜುಂ ಅನ್ನುತ್ತೆ.

ಸಬ್_ಎಡಿಟರ್_ನಿವೃತ್ತ
ಆ ತಲೆಬರಹ ನಾನೂ ಬರೆದವನೇ. ಕರಾರು ಅಂದರೆ ಒಪ್ಪಂದ, ವಾಕ್ಕು ಅಂದರೆ ಮಾತು. ಕರಾರು ಮಾಡಿಕೊಂಡಷ್ಟು ಗಟ್ಟಿ ಮಾತು ಅಂತ ನಮ್ಮ ಡೆಸ್ಕಿನಲ್ಲಿ ಅರ್ಥ ಹೇಳುತ್ತಿದ್ದರು.

ಕಲಬುರಗಿ_ಕಟ್ಟೆ
ಸರ್, ನನಗೆ ಅನುಮಾನ. ನಮ್ಮ ಮನೆಯಲ್ಲಿ ಉರ್ದು ಪೇಪರ್ ಬರುತ್ತದೆ. ಅದರಲ್ಲಿ ‘ಕರಾರ್-ಎ-ವಾಕಯೀ ಸಜಾ’ ಅಂತ ಆಗಾಗ ಕಾಣುತ್ತದೆ, ಮಾಡಿದ್ದಕ್ಕೆ ತಕ್ಕ ಶಿಕ್ಷೆ ಅಂತ ಅರ್ಥ. ‘ವಾಕಯೀ’ ಅಂದರೆ ನಿಜವಾದ, ವಾಸ್ತವದ. ನಮ್ಮ ‘ವಾಕ್ಕು’ ಸಂಸ್ಕೃತದ ಮಾತಲ್ಲ, ಈ ‘ವಾಕಯೀ’ ಕನ್ನಡದ ಬಾಯಲ್ಲಿ ಹೊರಳಿದ್ದು ಅಂತ ನನ್ನ ಲೆಕ್ಕ.

ಸಬ್_ಎಡಿಟರ್_ನಿವೃತ್ತ
ಮೂವತ್ತು ವರ್ಷ ಬರೆದೆ, ಇದು ಹೊಳೆದಿರಲಿಲ್ಲ. ಡೆಸ್ಕಿನವರು ಹೇಳಿದ್ದು ಕೇಳೋಕೆ ಚೆಂದ ಇತ್ತು, ಹಾಗಾಗಿ ಯಾರೂ ಪ್ರಶ್ನೆ ಮಾಡಲಿಲ್ಲ ಅನ್ನಿಸುತ್ತೆ. ಆದರೆ ಪೂರ್ತಿ ಸೋಲು ಒಪ್ಪಲ್ಲ, ನೋಡೋಣ.

ಬೆಣ್ಣೆದೋಸೆ_ಪ್ರಿಯ
‘ನಿಖರ’ದಲ್ಲಿ ಖ ಬಿಟ್ಟು ‘ನಿಕರ’ ಅಂತ ಬರೆಯುವವರನ್ನು ಏನು ಮಾಡೋದು?

ಪದಗಳ_ಹುಚ್ಚಿ
ನಿಕರ ಅಂದರೆ ಗುಂಪು, ರಾಶಿ. ‘ನಿಕರವಾದ ಮಾಹಿತಿ’ ಅಂದರೆ ಮಾಹಿತಿಯ ರಾಶಿ. ಈಗಿನ ವಾಟ್ಸಾಪ್‌ಗೆ ಅದೇ ಸರಿಯಾದ ಪದ.

ರಕ್ತಪರೀಕ್ಷೆ_ರತ್ನ
ಎಲ್ಲ ಸರಿ, ಆಳು ಅವರ ಪ್ರಶ್ನೆಗೆ ಯಾರಾದರೂ ಉತ್ತರ ಕೊಟ್ಟಿರಾ? ಪಾಪ ಕಾಯುತ್ತಿದ್ದಾರೆ. ನನ್ನ ಓಟು: ಪದವೇ ಬೇಡ, ವಾಕ್ಯ ಬರೆಯಿರಿ. ‘ಎಷ್ಟು ಸಲ ತೂಗಿದರೂ ಒಂದೇ ತೂಕ ತೋರಿಸುತ್ತದೆ’ ಅಂದರೆ ಅಜ್ಜಿಗೂ ಅರ್ಥ ಆಗುತ್ತೆ.

ಮಾಪನ_ಮನೆ
ಆ ಮಾತನ್ನು ಅವರ ಕೈಪಿಡಿ ಹೇಳಿಲ್ಲವಲ್ಲ ಮೇಡಂ. ಇಲ್ಲದ ಭರವಸೆ ನಾವು ಸೇರಿಸಬಾರದು. ಅಲ್ಲಿರೋದು ಎರಡೇ: ತಪ್ಪು 2 ಗ್ರಾಂವರೆಗೆ, ಅಂಕಿ 1 ಗ್ರಾಂನಂತೆ.

ಅನುವಾದದ_ಆಳು
ಎಲ್ಲರಿಗೂ ಥ್ಯಾಂಕ್ಸ್. ರತ್ನ ಮೇಡಂ ಹೇಳಿದ ದಾರಿ, ಮಾಪನ ಮನೆ ಸರ್ ಹೇಳಿದ ವಿಷಯ, ಎರಡನ್ನೂ ಸೇರಿಸಿ ಹೀಗೆ ಕಳಿಸಿದೆ: ‘ಈ ತಕ್ಕಡಿ ತೂಕವನ್ನು ಒಂದೊಂದು ಗ್ರಾಂ ಲೆಕ್ಕದಲ್ಲಿ ತೋರಿಸುತ್ತದೆ. ತೋರಿಸಿದ ತೂಕದಲ್ಲಿ 2 ಗ್ರಾಂವರೆಗೆ ಹೆಚ್ಚು ಕಡಿಮೆ ಇರಬಹುದು.’ ನಿಖರವೂ ಇಲ್ಲ, ಖಚಿತವೂ ಇಲ್ಲ.

ಮೇಷ್ಟ್ರು ಹೇಳಿದ ನಾಣ್ಯದ ಪರೀಕ್ಷೆಯನ್ನೂ ಮಾಡಿದೆ, ಕೈಪಿಡಿಯ ಕೆಲಸ ಕೊಟ್ಟವರು ಕಳಿಸಿದ ತಕ್ಕಡಿಯಲ್ಲೇ. ಐದು ಸಲವೂ 61. ಹೇಳಿದ ಮಾತಿನೊಳಗೇ ಇದೆ.

ಬೆಣ್ಣೆದೋಸೆ_ಪ್ರಿಯ
ತಿದ್ದುವವರು ಏನಂದರು?

ಅನುವಾದದ_ಆಳು
ಈಗಷ್ಟೇ ಬಂತು. ‘ಹೆಚ್ಚು ಕಡಿಮೆ ಅನ್ನೋದು ತುಂಬಾ ಅಂದಾಜಿನ ಮಾತಾಯಿತು. ಇನ್ನೂ ಸ್ವಲ್ಪ ಅಕ್ಯುರೇಟಾಗಿ ಬರೆಯಿರಿ.’

ಧಾರವಾಡ_ಫೇಡಾ
‘ಬರೋಬ್ಬರಿ’ ಹಾಕಿ ಕಳಿಸ್ರಿ.